ಗೇಮ್ ಮಧ್ಯೆ ಪಿಸಿ ಆಫ್ ಆಗುತ್ತಿದೆಯಾ?

ಕುಂಬಳೆ, ಉಪ್ಪಳ ಕಡೆಯ ಏಪ್ರಿಲ್ ಸೆಕೆಯಲ್ಲಿ ಎಲ್ಲರೂ ಬಿಸಿಯನ್ನೇ ದೂರುತ್ತಾರೆ. ಆದರೆ ಹೇಗೆ ಆಫ್ ಆಯಿತು ಅನ್ನುವುದೇ ದೊಡ್ಡ ಸುಳಿವು. ನೀಲಿ ಸ್ಕ್ರೀನ್ ಬಾರದೆ, ಕರೆಂಟ್ ಹೋದ ಹಾಗೆ ಟಕ್ಕಂತ ನಿಂತರೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಮೇಲೆ ಅನುಮಾನ ಜಾಸ್ತಿ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕಾಣುವ ಕರ್ನಲ್-ಪವರ್ 41 ಅನ್ನುವ ಎರರ್, ಪಿಸಿ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಹೇಳುತ್ತದೆ ಅಷ್ಟೇ, ಕಾರಣ ಹೇಳುವುದಿಲ್ಲ, ಅದನ್ನು ನೋಡಿ ಸುಮ್ನೆ ದುಡ್ಡು ಸುರಿಯಬೇಡಿ.

ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯೂಇನ್ಫೋ (HWiNFO) ಸಾಫ್ಟ್‌ವೇರಿನಲ್ಲಿ ಲಾಗಿಂಗ್ (ರೀಡಿಂಗ್ ಬರೆದಿಡುವುದು) ಹಾಕಿ ಆಡಿ. ಆಫ್ ಆದ ಮೇಲೆ ಲಾಗ್‌ನ ಕೊನೆಯ ಸಾಲು ನೋಡಿ. ಸಿಪಿಯು 100 ಡಿಗ್ರಿ ಹತ್ತಿರವಿದ್ದರೆ ಕೂಲರಿನ ಧೂಳು, ಸಿಪಿಯು-ಕೂಲರ್ ನಡುವಿನ ಥರ್ಮಲ್ ಪೇಸ್ಟ್ ನೋಡಿ. ಬಿಸಿ ಇಲ್ಲದೆಯೂ ಆಫ್ ಆದರೆ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯುವ ಪವರ್‌ನ ಮಿತಿ) ಶೇ. 70ಕ್ಕೆ ಇಳಿಸಿ ಅದೇ ಗೇಮ್ ಆಡಿ. ಈಗ ನಿಲ್ಲದೆ ಓಡಿತಾ? ಹಾಗಾದರೆ ಎಸ್‌ಎಂಪಿಎಸ್ ಅಥವಾ ಅದರ ಕೇಬಲ್ ಕಡೆಗೇ ಬೆರಳು. ನೀಲಿ ಸ್ಕ್ರೀನ್ ಬರುತ್ತಿದ್ದರೆ ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ.