ಕಾರಿಗೆ ಕಣ್ಣಿಲ್ಲ, ಪುಟ್ಟಿ

ಮಗಳಿಗೆ ಆಗ ನಾಲ್ಕು ವರ್ಷ. ಚೆಂಡು ಉರುಳಿ ಒಂದು ಕಾರಿನ ಮುಂದೆ ಹೋಗಿ ನಿಂತಿತ್ತು. ಇವಳು ಬಂಪರ್ ಪಕ್ಕದಲ್ಲೇ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಇಂಜಿನ್ ಸ್ಟಾರ್ಟ್ ಆಯಿತು. ಓಡಿಹೋಗಿ ಎಳೆದುಕೊಂಡೆ. ನಾನು ನಡುಗುತ್ತಿದ್ದರೆ ಅವಳು ಆರಾಮಾಗಿ ಕೇಳಿದಳು: "ಅಮ್ಮಾ, ಕಾರು ನನ್ನ ನೋಡ್ತಿತ್ತು ಅಲ್ವಾ?"

ಈ ಮಾತು ಎಲ್ಲಿಂದ ಬಂತು ಅಂತ ರಾತ್ರಿ ಹೊಳೆಯಿತು. ಅವಳು ದಿನಾ ನೋಡುತ್ತಿದ್ದದ್ದು 'ರೋಬೋಕಾರ್ ಪೋಲಿ'. ದಕ್ಷಿಣ ಕೊರಿಯಾದ ಕಾರ್ಟೂನ್, 2011ರಲ್ಲಿ ಅಲ್ಲಿನ ಇಬಿಎಸ್ ಚಾನೆಲ್‌ನಲ್ಲಿ ಶುರುವಾದದ್ದು. (ಹೆಸರು ಕೇಳಿದ ಅಜ್ಜಿ, "ಪೋಲಿನಾ? ಅದೆಂಥ ಹೆಸರೇ!" ಅಂದಿದ್ದರು.) ಪೋಲಿ ಪೊಲೀಸ್ ಕಾರು, ರಾಯ್ ಅಗ್ನಿಶಾಮಕ ಗಾಡಿ, ಆಂಬರ್ ಆಂಬ್ಯುಲೆನ್ಸ್, ಹೆಲಿ ಹೆಲಿಕಾಪ್ಟರ್. ಬ್ರೂಮ್ಸ್ ಟೌನಿನಲ್ಲಿ ಯಾರಿಗಾದರೂ ತೊಂದರೆ ಆದರೆ ಇವರು ಹೊರಡುತ್ತಾರೆ, ಬೇಕಾದಾಗ ರೋಬೋ ಆಗುತ್ತಾರೆ. ಅಲ್ಲಿ ಪ್ರತಿ ಕಾರಿನ ಮುಂದಿನ ಗಾಜಿನಲ್ಲಿ ಎರಡು ದೊಡ್ಡ ಕಣ್ಣು. ಆ ಕಣ್ಣು ಮಕ್ಕಳನ್ನು ನೋಡುತ್ತವೆ, ನಗುತ್ತವೆ.

ಕಾರ್ಟೂನ್ ನಿಲ್ಲಿಸಬೇಕು ಅಂತ ನನಗೆ ಅನಿಸಲಿಲ್ಲ. ಅದು ಒಳ್ಳೆಯ ಕಾರ್ಟೂನ್. ಯಾರನ್ನೂ ಹೊಡೆಯುವುದಿಲ್ಲ, ತಪ್ಪು ಮಾಡಿದವರನ್ನೂ ಮೊದಲು ಕಾಪಾಡುತ್ತಾರೆ. ಒಂದು ಕಂತು ಸುಮಾರು 11 ನಿಮಿಷ, ಚಿಕ್ಕ ಮಗುವಿಗೆ ಅಷ್ಟು ಸಾಕು. ಆದರೆ ಕಾರಿಗೆ ಕಣ್ಣಿಲ್ಲ ಅನ್ನುವುದನ್ನು ನಾನೇ ತೋರಿಸಬೇಕಿತ್ತು.

ಮರುದಿನ ನಮ್ಮ ಕಾರಿನ ಕೀಲಿ ತೆಗೆದಿಟ್ಟು ಅವಳನ್ನು ಡ್ರೈವರ್ ಸೀಟಿನ ಮೇಲೆ ಮಂಡಿಯೂರಿ ಕೂರಿಸಿದೆ. ಅವಳ ಬೊಂಬೆಯನ್ನು ಬಂಪರ್ ಹತ್ತಿರ ನೆಲದ ಮೇಲೆ ಇಟ್ಟೆ. "ಬೊಂಬೆ ಕಾಣುತ್ತಾ?" ಕತ್ತು ಚಾಚಿದಳು, ಸ್ಟೀರಿಂಗ್ ಹಿಡಿದು ಎದ್ದು ನಿಂತಳು. ಕಾಣಲಿಲ್ಲ. ಬೊಂಬೆಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸುತ್ತಾ ಹೋದೆ. ಕೊನೆಗೆ "ತಲೆ ಬಂತು!" ಅಂತ ಕೂಗಿದಳು. ಆಮೇಲೆ ಇಳಿದು ಬಂದು, ಬೊಂಬೆ ಮೊದಲಿದ್ದ ಜಾಗದಲ್ಲಿ ತಾನೇ ಕುಕ್ಕರಗಾಲಲ್ಲಿ ಕೂತು ಕಾರನ್ನು ಸುಮ್ನೆ ನೋಡುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಅವಳೇ ಹೇಳಿದಳು, "ಗಾಜೊಳಗೆ ಕಣ್ಣೇ ಇಲ್ಲ."

ಅವತ್ತಿನಿಂದ ನಮ್ಮ ನಿಯಮ ಇದು: ಕಾರನ್ನಲ್ಲ, ಡ್ರೈವರನ್ನು ನೋಡು. ಅಮ್ಮನ ಕೈ ಹಿಡಿದಿದ್ದರೂ ನೋಡು. ಚೆಂಡು ಕಾರಿನ ಹತ್ತಿರ ಹೋದರೆ ತರುವುದು ದೊಡ್ಡವರ ಕೆಲಸ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂದದ್ದು ತಡವಾಗಿ. ಕೊರಿಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಹಾಗಾಗಿ ದಾಟುವವರಿಗೆ ಮೊದಲ ಗಾಡಿ ಬರುವುದು ಎಡದಿಂದ. ಎಡಬದಿಯಲ್ಲಿ ಗಾಡಿ ಓಡಿಸುವ ನಮಗೆ ಅದು ಬಲದಿಂದ ಬರುತ್ತದೆ. ಪರದೆ ನೋಡಿ ಕತ್ತು ತಿರುಗಿಸಿದರೆ ಸಾಲದು. ರಸ್ತೆ ಅಂಚಿನಲ್ಲೇ ನಿಂತು ಬಲ, ಎಡ, ಮತ್ತೆ ಬಲ ಅಂತ ಅಭ್ಯಾಸ ಮಾಡಿಸಿದೆ.

ಬೆಂಕಿಯ ವಿಷಯ ಇನ್ನೂ ಕಷ್ಟದ್ದು. "ಮನೇಲಿ ಹೊಗೆ ಬಂದ್ರೆ ಏನ್ಮಾಡ್ತೀಯ?" ಅಂದೆ. "ರಾಯ್ ಬರೋವರೆಗೂ ಮಂಚದ ಕೆಳಗೆ ಇರ್ತೀನಿ." ಎದೆ ಝಲ್ ಅಂತು. ಹೆದರಿದ ಮಕ್ಕಳು ನಿಜವಾಗಿಯೂ ಮಂಚದ ಕೆಳಗೆ, ಬೀರುವಿನೊಳಗೆ ಅವಿತುಕೊಳ್ಳುತ್ತಾರೆ. ಹುಡುಕುವವರಿಗೆ ಸಿಗುವುದಿಲ್ಲ. ಕಾರ್ಟೂನಿನಲ್ಲಿ ಕಾಪಾಡುವವರು ಬಂದೇ ಬರುತ್ತಾರೆ, ಅದಕ್ಕೆ ಮಗು ಕಾಯುವುದನ್ನು ಕಲಿಯುತ್ತದೆ.

ಅದಕ್ಕೇ ಈಗ ರಕ್ಷಣಾ ತಂಡ ಹೊರಡುವ ಹೊತ್ತಿಗೆ ಸರಿಯಾಗಿ ವಿಡಿಯೋ ನಿಲ್ಲಿಸುತ್ತೇನೆ. "ಅವರು ಬರೋಕೆ ಮುಂಚೆ ನೀನೇನು ಮಾಡ್ತೀಯ?" ಉತ್ತರ ಬಾಯಲ್ಲಿ ಹೇಳಿದರೆ ಒಪ್ಪಲ್ಲ, ಮಾಡಿ ತೋರಿಸಬೇಕು. ಹೊಗೆ ಮೇಲಕ್ಕೆ ಏರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಆದ್ದರಿಂದ ಅಂಬೆಗಾಲಿಟ್ಟು ಬಾಗಿಲವರೆಗೆ. ಒಂದು ಬೆಡ್‌ಶೀಟನ್ನು ಅವಳ ಸೊಂಟದ ಎತ್ತರಕ್ಕೆ ಹಿಡಿಯುತ್ತೇವೆ, ಅದೇ ಹೊಗೆ. ತಲೆ ತಾಗಿದರೆ ಮೊದಲಿನಿಂದ. ಹೊರಗೆ ಹೋದ ಮೇಲೆ ಬೊಂಬೆ ಮರೆತಿದ್ದರೂ ಒಳಗೆ ಬರುವ ಹಾಗಿಲ್ಲ. ಈ ಕೊನೆಯದಕ್ಕೆ ಎರಡು ದಿನ ಅತ್ತಳು. ನಾನು ಬಿಟ್ಟುಕೊಡಲಿಲ್ಲ.

ಸದ್ಯಕ್ಕೆ ಉಳಿದಿರುವುದು ಮಾಸ್ಕ್. ರಾಯ್‌ಗೆ ನಗುಮುಖ ಇದೆ. ನಿಜವಾದ ಅಗ್ನಿಶಾಮಕ ಸಿಬ್ಬಂದಿ ಮುಖ ಪೂರ್ತಿ ಮುಚ್ಚಿಕೊಂಡು, ಜೋರಾಗಿ ಉಸಿರಾಡುವ ಸದ್ದಿನೊಂದಿಗೆ ಬರುತ್ತಾರೆ. ಫೋಟೋ ತೋರಿಸಿದಾಗ ಇವಳು ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ಈಗ ಸ್ವಲ್ಪ ಇಣುಕಿ ನೋಡುತ್ತಾಳೆ. ದಿನಕ್ಕೆ ಒಂದು ಫೋಟೋ, ಅಷ್ಟೇ.