ಜಿಂಕೆ ಬೇಟೆಗೆ ಮುನ್ನ ಗುರಿ ಅಭ್ಯಾಸ ಹೀಗಿರಲಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಮುಗಿದ ಮಾತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾಗಲ್ಲ. ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗುವ ಬಂದೂಕಿನ ಜಿಂಕೆ ಬೇಟೆ ಒಂಬತ್ತು ದಿನ ನಡೆಯುತ್ತದೆ. 1973ರ ಜನವರಿ 1ರಿಂದೀಚೆಗೆ ಹುಟ್ಟಿದವರು ಸುರಕ್ಷತಾ ತರಬೇತಿ ಮುಗಿಸಿರಬೇಕು. ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ಹೋಗುವವರಿಗೆ ವಿನಾಯಿತಿಯುಂಟು. ಅಲ್ಲಿ ನೆಲೆಸಿ, ಗೆಳೆಯರು ಕರೆದರೆಂದು ಹೊರಡುವ ಕನ್ನಡಿಗರೂ ಒಂದು ಮಾತು ಗಮನಿಸಬೇಕು: ತಪ್ಪಿ ತಗುಲಿದ ಗುಂಡಿನಿಂದ ಜಿಂಕೆ ನರಳಿ ಸಾಯುತ್ತದೆ. ಅಭ್ಯಾಸ ಬೇಕಾಗಿರುವುದು ಅದಕ್ಕೇ.

ಮೊದಲು ಗುರಿ ಕೂರಿಸಿ: ಸ್ಕೋಪ್ (ಬಂದೂಕಿನ ಮೇಲಿನ ಗುರಿ ದುರ್ಬೀನು) ತೋರಿಸಿದಲ್ಲೇ ಗುಂಡು ಬೀಳಬೇಕು. ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಬೇಟೆಗೆ ಬಳಸುವ ತೋಟಾದಿಂದಲೇ 25 ಗಜದಲ್ಲಿ ಆರಂಭಿಸಿ, ಆಮೇಲೆ 100 ಗಜಕ್ಕೆ ಹೋಗಿ. ಒಂದೇ ಗುಂಡು ನೋಡಿ ಸ್ಕೋಪ್‌ನ ತಿರುಪು ತಿರುಗಿಸಬೇಡಿ; ಮೂರು ಹೊಡೆದು, ಅವುಗಳ ನಡುಬಿಂದು ಎಲ್ಲಿದೆ ನೋಡಿ. ಹೆಚ್ಚಿನ ಸ್ಕೋಪ್‌ಗಳಲ್ಲಿ ತಿರುಪಿನ ಒಂದು ಕ್ಲಿಕ್‌ಗೆ ಗುಂಡು 100 ಗಜದಲ್ಲಿ ಸುಮಾರು ಕಾಲು ಅಂಗುಲ ಸರಿಯುತ್ತದೆ. ಮೂರು ಅಂಗುಲ ಕೆಳಗೆ ಬಿದ್ದರೆ ಮೇಲಕ್ಕೆ ಹನ್ನೆರಡು ಕ್ಲಿಕ್. 25 ಗಜದಲ್ಲಾದರೆ ಅದೇ ಮೂರು ಅಂಗುಲಕ್ಕೆ ನಾಲ್ಕು ಪಟ್ಟು, ಅಂದರೆ 48 ಕ್ಲಿಕ್ ಬೇಕು. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ನಳಿಕೆ ಬಿಸಿಯಾದರೆ ಆರಲು ಬಿಡಿ.

ಮುಂದಿನದು ಬೆಚ್ಚುವ ಚಾಳಿ. ಸದ್ದು, ಒದೆತಗಳಿಗೆ ಹೆದರಿದ ದೇಹ ಗುಂಡು ಹಾರುವ ಮೊದಲೇ ಬಿಗಿಯುತ್ತದೆ. ಜೊತೆಗಾರರು ನಿಮಗೆ ತಿಳಿಯದಂತೆ ನಡುನಡುವೆ ಡಮ್ಮಿ (ಮದ್ದಿಲ್ಲದ, ಹಾರದ) ತೋಟಾ ತುಂಬಿ ಕೊಡಲಿ. ಬರೀ 'ಟಿಕ್' ಎಂದಾಗ ನಳಿಕೆಯ ತುದಿ ಕೆಳಗೆ ಜಗ್ಗಿದರೆ ರೋಗ ಸಿಕ್ಕಿತು. ಉಸಿರು ಅರ್ಧ ಬಿಟ್ಟು, ಟ್ರಿಗರ್ ನಿಧಾನಕ್ಕೆ ಒತ್ತುತ್ತಾ, ಸದ್ದು ನಿಮ್ಮನ್ನೇ ಚಕಿತಗೊಳಿಸುವಂತೆ ಅಭ್ಯಾಸ ಮಾಡಿ. ಕಿವಿಗೆ, ಕಣ್ಣಿಗೆ ರಕ್ಷಣೆ ಕಡ್ಡಾಯ.

ಈಗ ಮೇಜು ಬಿಟ್ಟೇಳಿ. ಕಾಡಿನಲ್ಲಿ ಮರಳಿನ ಚೀಲ ಸಿಗುವುದಿಲ್ಲ. ಜಿಂಕೆಯ ಹೃದಯ, ಶ್ವಾಸಕೋಶಗಳ ಭಾಗ ಸುಮಾರು ಎಂಟು ಅಂಗುಲ ಅಗಲ. ಅಷ್ಟಗಲದ ಕಾಗದದ ತಟ್ಟೆ ನೆಟ್ಟು ಕೂತು, ಮಂಡಿಯೂರಿ, ನಿಂತು ಹೊಡೆಯಿರಿ. ಚಳಿಯ ಕೋಟು, ಕೈಗವಸು ಹಾಕಿಕೊಂಡೇ ಹೊಡೆಯಿರಿ. ದಪ್ಪ ಬಟ್ಟೆಯ ಮೇಲೆ ಬಂದೂಕು ಭುಜಕ್ಕೆ ಕೂರುವ ರೀತಿಯೇ ಬೇರೆ. ಸ್ವಲ್ಪ ಓಡಿ ಬಂದು, ಎದೆ ಹೊಡೆದುಕೊಳ್ಳುತ್ತಿರುವಾಗಲೂ ಪ್ರಯತ್ನಿಸಿ. ಯಾವ ಭಂಗಿಯಲ್ಲಿ ಎಷ್ಟು ದೂರದವರೆಗೆ ಒಂದು ಗುಂಡೂ ತಟ್ಟೆ ತಪ್ಪುವುದಿಲ್ಲವೋ ಅದೇ ಆ ಭಂಗಿಯ ಗಡಿ. ನಿಂತು ಹೊಡೆಯುವಾಗ ಅದು 50 ಗಜವಷ್ಟೇ ಆದರೆ, 60 ಗಜದ ಜಿಂಕೆಯನ್ನು ಹೋಗಲು ಬಿಡಿ.

ಕೊನೆಗೆ, ಪ್ರತಿ ಗುಂಡಿನ ನಂತರ ತಲೆ ಎತ್ತದೆ, ಸ್ಕೋಪ್‌ನಿಂದ ಕಣ್ಣು ತೆಗೆಯದೆ, ಕೂಡಲೇ ಮುಂದಿನ ತೋಟಾ ಏರಿಸಿ ಮತ್ತೆ ಗುರಿ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಗಾಯಗೊಂಡ ಜಿಂಕೆ ಇನ್ನೂ ನಿಂತಿದ್ದರೆ ಎರಡನೆಯ ಗುಂಡು ತಡವಾಗಬಾರದು.