ಕಾರು ನೆಲಕ್ಕಿಳಿಸಿ, ಆಮೇಲೆ ಬೋಲ್ಟ್ ಬಿಗಿಯಿರಿ: ಹಳೇ ಕಮಾರೊಗೆ ಹೊಸ ಲೀಫ್ ಸ್ಪ್ರಿಂಗ್

ಕಾರಿನ ಹಿಂಬದಿ ಎಡಕ್ಕೆ ವಾಲಿದೆ ಅಂತ ಮೊದಲು ಹೇಳಿದ್ದು ನನ್ನ ಹೆಂಡತಿ. ನಾನು ಒಪ್ಪಲಿಲ್ಲ. ಮನೆ ಮುಂದಿನ ಡ್ರೈವ್‌ವೇ ಸಮ ಇಲ್ಲ, ಅದಕ್ಕೇ ಹಾಗೆ ಕಾಣುತ್ತೆ ಅಂದೆ. ಅವಳು ಒಳಗಿನಿಂದ ಟೇಪ್ ತಂದು ಕೈಗಿಟ್ಟಳು. ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿಗೆ ಅಳೆದರೆ ಎಡಗಡೆ ಮುಕ್ಕಾಲು ಇಂಚು ಕಡಿಮೆ ಬಂತು. ಕಾರನ್ನು ತಿರುಗಿಸಿ ನಿಲ್ಲಿಸಿ ಅಳೆದರೂ ಅಷ್ಟೇ. ಅಲ್ಲಿಗೆ ವಾದ ಮುಗಿಯಿತು, ಹಿಂದಿನ ಸ್ಪ್ರಿಂಗ್ ಕುಸಿದಿತ್ತು.

ಕಾರು 1967ರ ಷೆವರ್ಲೆ ಕಮಾರೊ. ಅಮೆರಿಕದವರು ಮಸಲ್ ಕಾರ್ ಅನ್ನುವ ಜಾತಿಯದು. ಎರಡು ಬಾಗಿಲು, ಉದ್ದ ಬಾನೆಟ್, ಒಳಗೆ ದೊಡ್ಡ ವಿ8 ಎಂಜಿನ್. ಇದನ್ನು ಪೋನಿ ಕಾರ್, ಅಂದರೆ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು, ಅನ್ನಬೇಕು ಅಂತ ಜಗಳಕ್ಕೆ ಬರುವವರೂ ಇದ್ದಾರೆ, ಅವರನ್ನು ಬಿಡಿ. ಒಹಾಯೊದ ನಾರ್ವುಡ್ ಕಾರ್ಖಾನೆಯಲ್ಲಿ ತಯಾರಾದ ಕಾರು, ಈಗ ಮಿಷಿಗನ್‌ನಲ್ಲಿ ನಮ್ಮ ಗ್ಯಾರೇಜಿನಲ್ಲಿದೆ. ಆಗಸ್ಟ್‌ನಲ್ಲಿ ಡೆಟ್ರಾಯ್ಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. ಅಷ್ಟರೊಳಗೆ ಕಾರನ್ನು ನೆಟ್ಟಗೆ ನಿಲ್ಲಿಸಬೇಕಿತ್ತು.

ಈ ಕಾರಿಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ಲೀಫ್ ಅಂದರೆ ಲಾರಿಯ ಕೆಳಗೆ ಕಾಣುವ ಕಮಾನಿನಂಥ ಉಕ್ಕಿನ ಪಟ್ಟಿ. ನಮ್ಮ ಅಂಬಾಸಿಡರ್ ಹಿಂಭಾಗದಲ್ಲೂ ಇದೇ ಇತ್ತು. ಆದರೆ 1967ರ ಕಮಾರೊಗೆ ಕಂಪನಿ ಕೊಟ್ಟಿದ್ದು ಪ್ರತಿ ಬದಿಗೆ ಒಂದೇ ಒಂದು ಪಟ್ಟಿ. ಮೊನೊಲೀಫ್ ಅಂತಾರೆ. ಸುಮ್ನೆ ಓಡಾಡಿಕೊಂಡಿದ್ದರೆ ಅದರಿಂದ ತೊಂದರೆ ಇಲ್ಲ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಗೊತ್ತಾಗುತ್ತದೆ. ಚಕ್ರ ಮುಂದಕ್ಕೆ ತಿರುಗಲು ಹೋದರೆ ಆಕ್ಸಲ್ ಹಿಂದಕ್ಕೆ ಹೊರಳಲು ನೋಡುತ್ತದೆ. ಅದನ್ನು ತಡೆಯಬೇಕಾದ್ದು ಈ ಪಟ್ಟಿಯೇ. ಒಂದೇ ಪಟ್ಟಿಯಿಂದ ಅದು ಆಗಲ್ಲ. ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕುತ್ತದೆ, ಟೈರ್ ಹಿಡಿತ ಬಿಟ್ಟ ಕೂಡಲೇ ಫಟ್ ಅಂತ ನೆಟ್ಟಗಾಗುತ್ತದೆ, ಮತ್ತೆ ಬಳುಕುತ್ತದೆ. ಇಡೀ ಹಿಂಬದಿ ದಡಬಡ ಕುಣಿಯುತ್ತದೆ. ಕಂಪನಿಯವರಿಗೂ ಇದು ಬೇಗ ಗೊತ್ತಾಯಿತು. 1968ರಿಂದ ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಟ್ಟರು. ಶಾಕ್ ಅಬ್ಸಾರ್ಬರ್‌ಗಳನ್ನೂ ಒಂದು ಆಕ್ಸಲ್‌ನ ಮುಂದೆ, ಇನ್ನೊಂದು ಹಿಂದೆ ಇರುವಂತೆ ಬದಲಿಸಿದರು.

ಹೊಸದು ಹಾಕುವುದಾದರೆ ಹಲವು ಪಟ್ಟಿಯದನ್ನೇ ಹಾಕೋಣ ಅಂತ ನಿರ್ಧರಿಸಿದೆ. ನೀವೂ ಅದನ್ನೇ ಮಾಡುವುದಾದರೆ ಆರ್ಡರ್ ಮಾಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಮೊನೊಲೀಫ್‌ನ ಕೆಳಗಿನ ಪ್ಲೇಟ್, ರಬ್ಬರ್ ಪ್ಯಾಡ್, ಬೋಲ್ಟ್ ಯಾವುದೂ ದಪ್ಪ ಸ್ಪ್ರಿಂಗ್‌ಗೆ ಆಗುವುದಿಲ್ಲ. ಅವನ್ನೂ ಸೇರಿಸಿಯೇ ಕೊಳ್ಳಬೇಕು. ಎರಡನೆಯದು, ಆ ಪ್ಲೇಟಿಗೇ ಶಾಕ್ ಅಬ್ಸಾರ್ಬರ್‌ನ ಕೆಳತುದಿ ಸಿಕ್ಕಿಸುವುದು. 1967ರಲ್ಲಿ ಎರಡೂ ಶಾಕ್ ಆಕ್ಸಲ್‌ನ ಒಂದೇ ಬದಿಗಿದ್ದವು. 1968-69ರ ಪ್ಲೇಟ್ ತಂದರೆ ಒಂದು ಕಡೆ ಶಾಕ್ ಕೂರುವುದೇ ಇಲ್ಲ. ಇನ್ನು ಎತ್ತರ. ಮಾಮೂಲಿ ಎತ್ತರದ್ದು, ಒಂದಿಂಚು ಇಳಿದದ್ದು, ಎರಡಿಂಚು ಇಳಿದದ್ದು ಎಲ್ಲ ಸಿಗುತ್ತವೆ. ಫೋಟೊದಲ್ಲಿ ಇಳಿದದ್ದೇ ಚೆಂದ. ಹೊಂಡ ಬಿದ್ದ ರಸ್ತೆಯಲ್ಲಿ ಓಡಿಸುವವರು ಮಾಮೂಲಿ ಎತ್ತರದ್ದನ್ನೇ ತನ್ನಿ.

ಎತ್ತುವ ಮುಂಚೆ

ಸ್ಪ್ಯಾನರ್ ಹಿಡಿಯುವುದಕ್ಕೆ ಒಂದು ವಾರ ಮುಂಚೆಯೇ ಕೆಲಸ ಶುರು ಮಾಡಿ. ದಿನಾ ಸಂಜೆ ಕಾರಿನ ಕೆಳಗೆ ನುಗ್ಗಿ, ಬಿಚ್ಚಬೇಕಾದ ಪ್ರತಿ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಐವತ್ತು ವರ್ಷದ ಉಪ್ಪು ಆ ಬೋಲ್ಟ್‌ಗಳಲ್ಲಿ ಕೂತಿರುತ್ತದೆ.

ನಾಲ್ಕೂ ಚಕ್ರದ ಎತ್ತರ ಅಳೆದು ಬರೆದಿಡಿ. ಹಾಗೆಯೇ ಪಿನಿಯನ್ ಕೋನ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಮೂತಿ ಎಷ್ಟು ಮೇಲೆ ಅಥವಾ ಕೆಳಗೆ ನೋಡುತ್ತಿದೆ ಅನ್ನುವುದನ್ನೂ ಬರೆದುಕೊಳ್ಳಿ. ಕೋನ ತೋರಿಸುವ ಮೀಟರ್ ಟೂಲ್ ಅಂಗಡಿಯಲ್ಲಿ ಸಿಗುತ್ತದೆ. ಸ್ಪ್ರಿಂಗ್ ಬದಲಾದರೆ ಈ ಕೋನವೂ ಬದಲಾಗಬಹುದು. ಆಗ ಕಾರು ಓಡುವಾಗ ನಡುಗುತ್ತದೆ. ಹಳೇ ಲೆಕ್ಕ ಇಲ್ಲದಿದ್ದರೆ ತಪ್ಪು ಎಲ್ಲಿ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಎತ್ತುವುದು ಹೀಗೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು ಹಿಂಬದಿ ಎತ್ತಿ. ಸ್ಪ್ರಿಂಗ್‌ನ ಮುಂದಿನ ಬ್ರಾಕೆಟ್‌ಗಿಂತ ಸ್ವಲ್ಪ ಮುಂದೆ, ಬಾಡಿಯ ಗಟ್ಟಿ ಜಾಗದ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಇನ್ನೊಂದು ಜಾಕ್ ಆಕ್ಸಲ್ ಕೆಳಗಿರಲಿ, ಅದನ್ನು ಬೇಕಾದಷ್ಟು ಏರಿಸಿ ಇಳಿಸಬಹುದು. ಸ್ಟ್ಯಾಂಡ್ ಇಟ್ಟ ಮೇಲೆ ಕಾರನ್ನು ಸೊಂಟದಿಂದ ಒಮ್ಮೆ ಜೋರಾಗಿ ದೂಡಿ ನೋಡಿ. ಅಲ್ಲಾಡುವುದಿದ್ದರೆ ನೀವು ಹೊರಗಿರುವಾಗಲೇ ಅಲ್ಲಾಡಲಿ. ಆಮೇಲೆ ಚಕ್ರ ತೆಗೆಯಿರಿ.

ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಇನ್ನೊಂದು ಬದಿಯ ಸ್ಪ್ರಿಂಗ್ ಆಕ್ಸಲ್ ಅನ್ನು ಅದರ ಜಾಗದಲ್ಲಿ ಹಿಡಿದಿರುತ್ತದೆ. ಎರಡೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಜಾಕ್ ಮೇಲೆ ತಕ್ಕಡಿಯಾಡುತ್ತದೆ.

ಬಿಚ್ಚುವುದೇ ಕೆಲಸ, ಹಾಕುವುದಲ್ಲ

ಶಾಕ್ ಅಬ್ಸಾರ್ಬರ್‌ನ ಕೆಳತುದಿ ಕಳಚಿ. ಹ್ಯಾಂಡ್ ಬ್ರೇಕ್ ಕೇಬಲ್ ಸ್ಪ್ರಿಂಗ್ ಪ್ಲೇಟಿಗೆ ಕ್ಲಿಪ್ ಆಗಿದ್ದರೆ ಬಿಡಿಸಿ. ಈಗ ಆಕ್ಸಲ್ ಅನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ, ಸ್ಪ್ರಿಂಗ್ ಮೇಲಿನ ಒತ್ತಡ ಹೋಗುವವರೆಗೆ. ಕಣ್ಣು ಬ್ರೇಕ್ ಹೋಸ್ ಮೇಲಿರಲಿ. ಬಾಡಿಯಿಂದ ಆಕ್ಸಲ್ ನಡುವಿಗೆ ಬರುವ ಆ ಚಿಕ್ಕ ರಬ್ಬರ್ ಪೈಪು ಬಿಗಿಯಾಯಿತು ಅಂದರೆ ಅಲ್ಲೇ ನಿಲ್ಲಿಸಿ.

ಮುಂದಿನ ತುದಿಯಲ್ಲಿ ಸ್ಪ್ರಿಂಗ್‌ನ ಕಣ್ಣು, ಅಂದರೆ ಬೋಲ್ಟ್ ತೂರಲು ಪಟ್ಟಿಯ ತುದಿಯನ್ನು ಸುತ್ತಿ ಮಾಡಿದ ಬಳೆ, ಒಂದು ಬ್ರಾಕೆಟ್ ಒಳಗೆ ಕೂತಿರುತ್ತದೆ. ಕಣ್ಣಿನ ಉದ್ದ ಬೋಲ್ಟನ್ನು ಮೊದಲು ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ. ಬ್ರಾಕೆಟ್ ಅನ್ನು ಬಾಡಿಗೆ ಹಿಡಿದಿರುವುದು ಮೂರು ಬೋಲ್ಟ್. ಅವನ್ನು ತೆಗೆದರೆ ಬ್ರಾಕೆಟ್ಟೂ ಸ್ಪ್ರಿಂಗೂ ಒಟ್ಟಿಗೆ ಕೆಳಗೆ ಬರುತ್ತವೆ. ಉದ್ದ ಬೋಲ್ಟನ್ನು ಆಮೇಲೆ ಆರಾಮಾಗಿ ಹೊರತೆಗೆಯಬಹುದು.

ಆ ಮೂರು ಬೋಲ್ಟ್‌ಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವುಗಳ ನಟ್ಟು ಬಾಡಿಯ ಒಳಗೆ, ನಮ್ಮ ಕಣ್ಣಿಗೆ ಕಾಣದ ಕಡೆ, ತೆಳು ತಗಡಿನ ಗೂಡಿನಲ್ಲಿ ಕೂತಿರುತ್ತದೆ. ಬೋಲ್ಟ್ ತುಕ್ಕು ಹಿಡಿದು ನಟ್ಟಿಗೆ ಅಂಟಿದ್ದರೆ, ಜೋರು ಹಾಕಿದ ಕೂಡಲೇ ಗೂಡು ಹರಿಯುತ್ತದೆ. ಆಮೇಲೆ ನಟ್ಟೂ ಬೋಲ್ಟೂ ಜೊತೆಯಲ್ಲೇ ತಿರುಗುತ್ತವೆ, ಬಿಚ್ಚುವುದೇ ಇಲ್ಲ. ನನಗೆ ಎಡಗಡೆಯ ಮೂರನೇ ಬೋಲ್ಟಿನಲ್ಲಿ ಹೀಗಾಯಿತು. ಉದ್ದ ಹಿಡಿಯ ಸ್ಪ್ಯಾನರ್ ಒಮ್ಮೆಲೇ ಹಗುರಾಯಿತು. ಬಿಟ್ಟಿತು ಅಂತ ಖುಷಿಪಟ್ಟೆ. ಹತ್ತು ಸುತ್ತು ತಿರುಗಿಸಿದೆ, ಬೋಲ್ಟ್ ಒಂದು ಕೂದಲಿನಷ್ಟೂ ಕೆಳಗೆ ಬರಲಿಲ್ಲ. ಸಹಾಯಕ್ಕೆ ಬಂದಿದ್ದ ದಾವಣಗೆರೆಯ ಗೆಳೆಯ ಟಾರ್ಚ್ ಹಿಡಿದು ನೋಡುತ್ತಿದ್ದ. "ಏನ್ ಮಾರಾಯ, ಬೋರ್‌ವೆಲ್ ಕೊರೀತಿದೀಯಾ?" ಅಂದ. ಕೊನೆಗೆ ಬೋಲ್ಟಿನ ತಲೆಯನ್ನೇ ಕತ್ತರಿಸಿ ಬ್ರಾಕೆಟ್ ಇಳಿಸಬೇಕಾಯಿತು. ಒಳಗಿದ್ದ ಚೂರು ತೆಗೆದು ಹೊಸ ನಟ್ಟು ಕೂರಿಸುವಷ್ಟರಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು.

ತಪ್ಪು ನನ್ನದೇ. ಜೋರು ಒಂದೇ ಕಡೆಗೆ ಹಾಕಬಾರದಿತ್ತು. ಕಾಲು ಸುತ್ತು ಬಿಚ್ಚಿ, ಅರೆಪಾಲು ಹಿಂದಕ್ಕೆ ಬಿಗಿದು, ಎಣ್ಣೆ ಹೊಡೆದು, ಮತ್ತೆ ಕಾಲು ಸುತ್ತು ಬಿಚ್ಚಬೇಕು. ಬಲಗಡೆ ಹಾಗೇ ಮಾಡಿದೆ, ಮೂರೂ ಬಂದವು. ಇನ್ನೊಂದು ಎಚ್ಚರಿಕೆ. ಬೋಲ್ಟಿಗೆ ಬೆಂಕಿ ಕೊಟ್ಟರೆ ಬೇಗ ಬಿಡುತ್ತದೆ ಅನ್ನುವವರು ಸಿಗುತ್ತಾರೆ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಇರುವುದು ಆಕ್ಸಲ್‌ನ ಹಿಂದೆಯೇ, ಸ್ಪ್ರಿಂಗ್‌ನ ಹಿಂದಿನ ತುದಿಯ ಪಕ್ಕದಲ್ಲಿ. ಟ್ಯಾಂಕ್ ಇಳಿಸದೆ ಬೆಂಕಿ ಬೇಡ, ಕಿಡಿ ಹಾರುವ ಗ್ರೈಂಡರ್ ಕೂಡ ಬೇಡ. ಮುಂದಿನ ಬೋಲ್ಟಿನ ತಲೆಯನ್ನೂ ನಾನು ಕೈಗರಗಸದಿಂದಲೇ ಕೊಯ್ದೆ.

ನಡುವೆ ಆಕ್ಸಲ್‌ಗೆ ಸ್ಪ್ರಿಂಗ್ ಹಿಡಿದಿರುವುದು ನಾಲ್ಕು ನಟ್ಟು. ಅವು ಬಿಚ್ಚಿದರೆ ಪ್ಲೇಟ್ ಕೈಗೆ ಬರುತ್ತದೆ. ಹಿಂದಿನ ತುದಿ ಶ್ಯಾಕಲ್‌ನಲ್ಲಿ ನೇತಾಡುತ್ತಿರುತ್ತದೆ. ಶ್ಯಾಕಲ್ ಅಂದರೆ ಮೇಲೊಂದು ಕೆಳಗೊಂದು ಬೋಲ್ಟ್ ಇರುವ ಜೋಡಿ ಪಟ್ಟಿ, ಉಯ್ಯಾಲೆ ಇದ್ದ ಹಾಗೆ. ಕಮಾನು ಚಪ್ಪಟೆಯಾದಾಗ ಉದ್ದವಾಗುತ್ತದೆ ಅಲ್ವಾ, ಆ ಉದ್ದಕ್ಕೆ ಜಾಗ ಕೊಡುವುದು ಈ ಉಯ್ಯಾಲೆ. ಬೋಲ್ಟ್ ಯಾವ ಕಡೆಯಿಂದ ತೂರಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಪ್ರಿಂಗ್ ಕೆಳಗಿಳಿಸುವಾಗ ಇನ್ನೊಬ್ಬರು ಇರಲಿ. ಅದು ಭಾರ, ಒಂದು ತುದಿ ಹಿಡಿದರೆ ಇನ್ನೊಂದು ತುದಿ ಎದೆ ಮೇಲೆ ಬರುತ್ತದೆ.

ಹೊಸದು ಕೂರಿಸುವುದು

ಬಾಡಿಯ ಒಳಗಿನ ಶ್ಯಾಕಲ್ ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ಮೆತ್ತನೆಯ ತೋಳು, ಹಳೇದಾಗಿ ಗಟ್ಟಿಯಾಗಿರುತ್ತದೆ. ಅದನ್ನೂ ಬದಲಿಸಿ, ಉಳಿಸಿಕೊಂಡು ಲಾಭವಿಲ್ಲ. ಬುಷ್‌ಗಳಲ್ಲಿ ರಬ್ಬರ್ ಮತ್ತು ಪಾಲಿಯುರೆಥೇನ್ ಅಂತ ಎರಡು ಬಗೆ. ಪಾಲಿ ಗಟ್ಟಿ, ಜಾಸ್ತಿ ದಿನ ಬರುತ್ತದೆ. ಜೊತೆಗೆ ಕೊಡುವ ಗ್ರೀಸ್ ಸರಿಯಾಗಿ ಬಳಿಯದಿದ್ದರೆ ಪ್ರತಿ ಹೊಂಡಕ್ಕೂ ಕಿರ್ ಅನ್ನುತ್ತದೆ. ನಾನು ರಬ್ಬರ್ ಹಾಕಿದೆ. ರೇಸಿಗೆ ಹೋಗದವನಿಗೆ ಮೌನವೇ ಮೇಲು.

ಸ್ಪ್ರಿಂಗ್‌ಗೆ ಮುಂದು ಹಿಂದು ಇದೆ. ಎರಡು ಕಡೆಯ ಕಣ್ಣು ಬೇರೆ ಬೇರೆ, ಹಳೇದನ್ನು ಪಕ್ಕದಲ್ಲಿ ಮಲಗಿಸಿ ಹೋಲಿಸಿ. ಬ್ರಾಕೆಟ್ ಅನ್ನು ಮುಂದಿನ ಕಣ್ಣಿಗೆ ಸಿಕ್ಕಿಸಿ ಬಾಡಿಗೆ ಕೂರಿಸಿ. ಮೂರೂ ಬೋಲ್ಟನ್ನು ಬೆರಳಿನಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಬೆರಳಿಗೆ ಬರದಿದ್ದರೆ ಬೋಲ್ಟ್ ಓರೆ ಕೂತಿದೆ, ಸ್ಪ್ಯಾನರ್ ಹಾಕಿ ಒತ್ತಾಯ ಮಾಡಬೇಡಿ. ಆಮೇಲೆ ಹಿಂದಿನ ತುದಿಯನ್ನು ಶ್ಯಾಕಲ್‌ಗೆ ಸಿಕ್ಕಿಸಿ.

ಈಗ ಜಾಕ್‌ನಿಂದ ಆಕ್ಸಲ್ ಅನ್ನು ಸ್ಪ್ರಿಂಗ್ ಜೊತೆ ಸೇರಿಸಬೇಕು. ಪಟ್ಟಿಗಳನ್ನು ಒಟ್ಟು ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಮೇಲ್ಮುಖವಾಗಿರುತ್ತದೆ. ಅದು ರಬ್ಬರ್ ಪ್ಯಾಡ್ ದಾಟಿ ಆಕ್ಸಲ್‌ನ ಗದ್ದಿಗೆಯಲ್ಲಿರುವ ತೂತಿಗೆ ಕೂರಬೇಕು. ಆಕ್ಸಲ್ ಎಲ್ಲಿರಬೇಕು ಅಂತ ಹೇಳುವುದು ಆ ಗುಂಡುತಲೆಯೊಂದೇ. ತೂತಿಗೆ ಬೀಳದೆ ಅಂಚಿನ ಮೇಲೆ ಕೂತರೆ ಆಕ್ಸಲ್ ಓರೆಯಾಗುತ್ತದೆ, ಕಾರು ಏಡಿಯ ಹಾಗೆ ಪಕ್ಕಕ್ಕೆ ನಡೆಯುತ್ತದೆ. ಟಾರ್ಚ್ ಬಿಟ್ಟು ಕಣ್ಣಾರೆ ನೋಡಿ, ಬೆರಳು ಹಾಕಿ ಮುಟ್ಟಿ. ಪ್ಲೇಟ್ ಇಟ್ಟು ಹೊಸ ಯು-ಬೋಲ್ಟ್ ಹಾಕಿ, ನಾಲ್ಕು ನಟ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಕೊನೆಗೆ ಟಾರ್ಕ್ ರೆಂಚ್‌ನಲ್ಲಿ, ಅಂದರೆ ಎಷ್ಟು ಬಿಗಿಯಿತು ಅಂತ ಅಳೆಯುವ ಸ್ಪ್ಯಾನರ್‌ನಲ್ಲಿ, ಕಿಟ್ ಜೊತೆ ಬಂದ ಚೀಟಿಯಲ್ಲಿ ಬರೆದಷ್ಟು ಬಿಗಿಯಿರಿ. ಬ್ರಾಕೆಟ್‌ನ ಮೂರು ಬೋಲ್ಟನ್ನೂ ಈಗಲೇ ಪೂರ್ತಿ ಬಿಗಿಯಬಹುದು.

ಬಿಗಿಯಬಾರದ್ದು ಮೂರು: ಮುಂದಿನ ಕಣ್ಣಿನ ಉದ್ದ ಬೋಲ್ಟ್, ಶ್ಯಾಕಲ್‌ನ ಮೇಲಿನದು, ಕೆಳಗಿನದು. ಇವನ್ನು ನಟ್ಟು ಬೀಳದಷ್ಟು ಮಾತ್ರ ಹಿಡಿಸಿ ಬಿಡಿ.

ಯಾಕೆ ಅಂದರೆ, ಮುಂದಿನ ಕಣ್ಣಿನ ರಬ್ಬರ್ ಬುಷ್ ಬೇರಿಂಗ್ ಹಾಗೆ ಜಾರುವುದಿಲ್ಲ. ಬೋಲ್ಟ್ ಬಿಗಿದ ಕೂಡಲೇ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸ್ಪ್ರಿಂಗ್ ಆಡುವಾಗ ನಡುವಿನ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತದೆ. ಕಾರು ಗಾಳಿಯಲ್ಲಿ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್‌ಗೆ ಅದೇ ವಿಶ್ರಾಂತಿಯ ಜಾಗ. ಕಾರು ಇಳಿಸಿದ ಕ್ಷಣದಿಂದ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ ಓಡುವಾಗಲೂ. ಬೇಗ ಹರಿಯುತ್ತದೆ. ಜೊತೆಗೆ ಹಿಂಬದಿಯನ್ನು ಮೇಲಕ್ಕೆ ಒತ್ತುತ್ತಿರುತ್ತದೆ. 'ಹೊಸ ಸ್ಪ್ರಿಂಗ್ ಎತ್ತರ ಬಂತು' ಅಂತ ಮಾರಿದವರಿಗೆ ಬೈಯುವ ಮುಂಚೆ ಇದನ್ನೊಮ್ಮೆ ನೋಡಬೇಕು.

ಎರಡೂ ಬದಿ ಮುಗಿದ ಮೇಲೆ ಶಾಕ್, ಕೇಬಲ್, ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿ. ಹಿಂದಿನ ಬಂಪರ್ ಹಿಡಿದು ನಾಲ್ಕೈದು ಸಲ ಕುಣಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ. ಈ ಭಾರದಲ್ಲೇ ಆ ಮೂರು ಬೋಲ್ಟ್ ಬಿಗಿಯಬೇಕು. ಕೆಳಗೆ ನುಗ್ಗಲು ಜಾಗ ಸಾಲದಿದ್ದರೆ ಹಿಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ. ಅಥವಾ ಸ್ಟ್ಯಾಂಡ್ ಅನ್ನು ಬಾಡಿಯ ಕೆಳಗಲ್ಲ, ಆಕ್ಸಲ್ ಕೆಳಗೇ ಇಡಿ. ಆಗಲೂ ಭಾರ ಸ್ಪ್ರಿಂಗ್ ಮೇಲೇ ಇರುತ್ತದೆ.

ಹೊರಡುವ ಮುಂಚೆ ಶ್ಯಾಕಲ್ ನೋಡಿ. ಅದರ ಕೆಳತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಟೇಲ್ ಪೈಪು ಸ್ಪ್ರಿಂಗ್‌ಗೆ ತಾಗುತ್ತಿದೆಯಾ, ಬ್ರೇಕ್ ಹೋಸ್ ಸಡಿಲವಾಗಿದೆಯಾ ನೋಡಿ. ಪಿನಿಯನ್ ಕೋನ ಮತ್ತೆ ಅಳೆಯಿರಿ. ಬದಲಾಗಿದ್ದರೆ ಸ್ಪ್ರಿಂಗ್ ಮತ್ತು ಗದ್ದಿಗೆಯ ನಡುವೆ ಹಾಕುವ ಓರೆ ತುಂಡುಗಳು ಸಿಗುತ್ತವೆ. ನನಗೆ ಬೇಕಾಗಲಿಲ್ಲ.

ಮೊದಲ ದಿನ ಹಿಂಬದಿ ಎತ್ತರ ಕಂಡರೆ ಗಾಬರಿ ಬೇಡ, ಹೊಸ ಪಟ್ಟಿ ಕೂರಲು ಕೆಲವು ನೂರು ಮೈಲಿ ಬೇಕು. ನಮ್ಮ ಕಾರಿನಲ್ಲಿ ಈಗ ಎಡ ಬಲಗಳ ವ್ಯತ್ಯಾಸ ಒಂದು ಗೆರೆಯಷ್ಟು. ಅದು ಮಾತ್ರ ಡ್ರೈವ್‌ವೇ ತಪ್ಪು ಅಂತ ನಾನಿನ್ನೂ ವಾದಿಸುತ್ತಿದ್ದೇನೆ.

ನೂರು ಮೈಲಿ ಓಡಿಸಿದ ಮೇಲೆ ಯು-ಬೋಲ್ಟ್ ನಟ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ರಬ್ಬರ್ ಪ್ಯಾಡ್ ಒತ್ತಿಕೊಂಡಿರುತ್ತದೆ, ನಟ್ಟು ಸಡಿಲವಾಗಿರುತ್ತದೆ. ನನ್ನ ಎಂಟರಲ್ಲಿ ಐದು ಕಾಲು ಸುತ್ತು ತಿರುಗಿದವು. ಐನೂರು ಮೈಲಿಗೆ ಮತ್ತೊಮ್ಮೆ ನೋಡಿದಾಗ ಒಂದೂ ಅಲ್ಲಾಡಲಿಲ್ಲ.